ಒಂಬತ್ತನೇ ದಿನ

ಕನ್ನಡಿಯೊಳಗೆ ಹಾಲಪ್ಪ ಒಮ್ಮೆ ಕೆಮ್ಮಿದ. ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, "ಮರಳು ಕಾದೈತೇನು?" ಎಂದು ಕೇಳಿದ.

"ಕಾದೈತಿ" ಎಂದಳು ಅವನ ಹೆಂಡತಿ ಕೊಟ್ರಮ್ಮ.

ದಿನವೂ ಹನ್ನೊಂದು ಗಂಟೆಗೆ ಅವನು ಮೊದಲು ಕೇಳುತ್ತಿದ್ದುದು ಅದನ್ನೇ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮೂವತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದವನು ಅವನು. ಕಣ್ಣು ಮುಚ್ಚಿಕೊಂಡು, ಅಕ್ಕಿ ಅರಳುವ ಸದ್ದಿನಿಂದಲೇ ಮರಳಿನ ಹದ ಹೇಳುತ್ತಿದ್ದ.

ಹಾಲಪ್ಪ ಸತ್ತು ಆರು ವರ್ಷವಾಗಿತ್ತು. ಆದರೆ ಕನ್ನಡಿಯೊಳಗಿನವನು ಆ ಆರು ವರ್ಷಗಳನ್ನೂ ಬದುಕಿದ್ದ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಮುಂದಿನ ಹಲ್ಲೊಂದು ಬಿದ್ದಿತ್ತು. ಅದನ್ನು ಕಂಡ ದಿನ ಕೊಟ್ರಮ್ಮ ಮನೆಗೆ ಬಂದು ಒಲೆ ಹಚ್ಚಿರಲಿಲ್ಲ.

ಆ ಕನ್ನಡಿಯ ನಿಜವಾದ ಹೆಸರು ಉಳಿವುದರ್ಶಕ. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಸೀಮಾ ಮುಲ್ಲಾ. ಸತ್ತ ರೋಗಿಯ ಕಡತದಲ್ಲಿರುವ ರಕ್ತಪರೀಕ್ಷೆ, ಎದೆಯ ಚಿತ್ರ, ವೈದ್ಯರ ಮುಂದೆ ಆಡಿದ ಮಾತಿನ ಧ್ವನಿಮುದ್ರಣ ಎಲ್ಲವನ್ನೂ ಅದು ಓದಿಕೊಳ್ಳುತ್ತದೆ. ಚಿಕಿತ್ಸೆ ನಿಂತುಹೋದ ದಿನಕ್ಕೆ ಹಿಂದಿರುಗಿ, ಅಂದು ನಿಲ್ಲದೇ ಇದ್ದಿದ್ದರೆ ಆ ದೇಹ ಮರುದಿನ ಹೇಗಿರುತ್ತಿತ್ತು, ಅದರ ಮರುದಿನ ಹೇಗಿರುತ್ತಿತ್ತು ಎಂದು ಒಂದೊಂದೇ ದಿನವನ್ನು ಗುಣಿಸುತ್ತಾ ಇಂದಿನವರೆಗೆ ಬರುತ್ತದೆ. ಹಾಗೆ ಬಂದು ನಿಂತ ರೂಪಕ್ಕೆ ಉಳಿವುಬಿಂಬ ಎಂದು ಹೆಸರು. ಅದು ಮಾತಾಡುತ್ತದೆ, ಮರೆಯುತ್ತದೆ, ಮುದಿಯಾಗುತ್ತದೆ.

"ಅಂದ್ರೆ ಅವರು ಎಲ್ಲೋ ಅದಾರೇನ್ರಿ?" ಎಂದು ಮೊದಲ ದಿನ ಕೊಟ್ರಮ್ಮ ಕೇಳಿದ್ದಳು.

"ಇಲ್ಲಮ್ಮ. ಇದು ಲೆಕ್ಕ ಅಷ್ಟೆ" ಎಂದಿದ್ದರು ನಸೀಮಾ.

ಹಲ್ಲು ಬಿದ್ದ ಮರುದಿನ ಅವಳು ಮತ್ತೆ ಅವರ ಬಳಿ ಹೋದಳು. "ಡಾಕ್ಟ್ರೇ, ಲೆಕ್ಕಕ್ಕೂ ಹಲ್ಲು ಬೀಳ್ತಾವೇನ್ರಿ?"

ನಸೀಮಾ ಕನ್ನಡಕ ತೆಗೆದು ಸೆರಗಿನ ಅಂಚಿನಲ್ಲಿ ಒರೆಸತೊಡಗಿದರು.

ನಸೀಮಾ ಈ ಯಂತ್ರವನ್ನು ಕಟ್ಟಿದ್ದು ಯಾರನ್ನೂ ಸಮಾಧಾನಪಡಿಸಲು ಅಲ್ಲ. ಪೂರ್ಣರಕ್ಷಾ ಕಾಯ್ದೆ ಬಂದು ಎರಡು ವರ್ಷವಾಗಿತ್ತು. ಎಷ್ಟು ದಿನ ಬೇಕೋ ಅಷ್ಟು ದಿನ ಚಿಕಿತ್ಸೆ ಎಂಬುದು ಅದರ ತಿರುಳು. ಆದರೆ ಕಾಯ್ದೆ ಮಾಡುವಾಗ ಜನರಿಗೆ ಒಂದು ಮಾತನ್ನೂ ಕೊಡಲಾಗಿತ್ತು. ಹಳೆಯ ವಿಮೆಯೇ ಇಷ್ಟ ಎನ್ನುವ ಸಂಘಗಳು ಅದನ್ನೇ ಉಳಿಸಿಕೊಳ್ಳಬಹುದು, ಮತ್ತು ಅದು ಉಳಿದಿರುವವರೆಗೆ ಅಲ್ಲಿನ ಯಾವ ಸದಸ್ಯರಿಗೂ ಪೂರ್ಣರಕ್ಷೆ ಸಿಗದು. ಭಟ್ಟಿ ಕಾರ್ಮಿಕರ ಸಂಘದ ಹಳೆಯ ವಿಮೆಯನ್ನು ಎಲ್ಲರೂ ಎಂಟು ದಿನದ ಕಾರ್ಡು ಎನ್ನುತ್ತಿದ್ದರು. ವರ್ಷಕ್ಕೆ ಎಂಟು ದಿನ ಮಾತ್ರ ಆಸ್ಪತ್ರೆ. ಹೊಟ್ಟಿನ ಹೊಗೆ ಕುಡಿದ ಎದೆಗಳು ಎಂಟು ದಿನಕ್ಕೆ ವಾಸಿಯಾಗುವಂಥವಲ್ಲ. ಆದರೂ ಕಾರ್ಡು ಅಪ್ಪಂದಿರ ಕಾಲದ್ದು, ದವಾಖಾನೆ ಓಣಿಯಲ್ಲೇ ಇತ್ತು, ಕಾಂಪೌಂಡರು ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಜನ ಬಿಡಲೊಲ್ಲೆ ಎಂದರು.

ಹಾಗಾದರೆ ಆ ಕಾರ್ಡು ಯಾರನ್ನು ಕೊಂದಿತೆಂದು ಇವರಿಗೆ ತೋರಿಸೋಣ, ಕಣ್ಣಾರೆ ನೋಡಲಿ, ಎಂದುಕೊಂಡು ನಸೀಮಾ ಸಂಘದ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕನ್ನಡಿಗಳನ್ನು ನಿಲ್ಲಿಸಿದರು.

ಜನ ನೋಡಿದರು. ಮರುದಿನವೂ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಬೆಳಗಿನ ಸರದಿ ರಸ್ತೆಯವರೆಗೂ ಬಂದಿತ್ತು. ನೀನು ಸತ್ತಿದ್ದೀಯೆಂದು ಕನ್ನಡಿಯೊಳಗಿನವರಿಗೆ ಯಾರೂ ಹೇಳಲಿಲ್ಲ. ಹಾಗೆ ಹೇಳಬಾರದೆಂಬ ನಿಯಮವನ್ನು ಯಾರೂ ಮಾಡಿರಲಿಲ್ಲ.

ತಾನು ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ, ಹೆಂಡತಿ ಭಟ್ಟಿಯಿಂದ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದಾಳೆ ಎಂಬುದು ಹಾಲಪ್ಪನ ತಿಳಿವಳಿಕೆ. ಹೊಗೆಗೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವನು ಕೆಲಸ ಬಿಟ್ಟಿದ್ದ. ಮಾತು ಮುಗಿಸುವಾಗ, "ಸಂಜಿಗೆ ಬರುವಾಗ ಎಲೆ ಅಡಿಕೆ ತಾ" ಎನ್ನುತ್ತಿದ್ದ. ಮರುದಿನ, "ನಿನ್ನೆ ನೀ ತಂದ ಎಲೆ ಒಣಗಿದ್ವು" ಎನ್ನುತ್ತಿದ್ದ. ಯಾರೋ ಒಬ್ಬಳು ತಂದುಕೊಟ್ಟಿದ್ದಳು. ಆ ಲೆಕ್ಕದೊಳಗಿನ ಮನೆಗೆ ಪ್ರತಿ ಸಂಜೆ ಇನ್ನೊಬ್ಬ ಕೊಟ್ರಮ್ಮ ಹೋಗುತ್ತಿದ್ದಳು, ಅವನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳು ಒಣಗಿದ ಎಲೆ ಯಾಕೆ ತರುತ್ತಾಳೆ ಎಂದು ಕೊಟ್ರಮ್ಮನಿಗೆ ಸಿಟ್ಟು ಬರುತ್ತಿತ್ತು.

ಕಾರ್ಡು ಇರಬೇಕೋ ಬೇಡವೋ ಎಂದು ಸಂಘದವರು ಮತ ಹಾಕುವುದೆಂದಾಗಿ, ಅದಕ್ಕೆ ಮೊದಲಿನ ಸಾರ್ವಜನಿಕ ಸಭೆಗೆ ದಿನ ಗೊತ್ತಾದಾಗ ಒಂದು ವಿಷಯ ಹೊರಬಿತ್ತು. ಸತ್ತ ರೋಗಿಗಳ ಕಡತಗಳು ವಿಮೆಗೆ ಸೇರಿದವು. ವಿಮೆ ಮುಚ್ಚಿದರೆ ಮೂವತ್ತು ದಿನಗಳೊಳಗೆ ಕಡತಗಳನ್ನು ಅಳಿಸಬೇಕು. ಕಡತವಿಲ್ಲದಿದ್ದರೆ ಬಿಂಬವೂ ಇಲ್ಲ.

ಅಂದಿನಿಂದ ಕಾರ್ಡು ಉಳಿಯಬೇಕು ಎನ್ನುವವರ ದನಿಯೇ ಬೇರೆಯಾಯಿತು.

ಸಭೆ ನಡೆದದ್ದು ಸಂಘದ ಅಕ್ಕಿ ಗೋದಾಮಿನಲ್ಲಿ. ಮೂಟೆಗಳನ್ನು ಒಂದು ಪಕ್ಕಕ್ಕೆ ಒಟ್ಟಿ ಜನ ಕೂರಲು ಜಾಗ ಮಾಡಿದ್ದರು. ಸಂಘದ ಅಧ್ಯಕ್ಷ ಚಮನ್ ಸಾಬ್ ಮೈಕನ್ನು ಪಕ್ಕಕ್ಕೆ ಸರಿಸಿ ಬಾಯಿಮಾತಿನಲ್ಲೇ ಹೇಳಿದ: "ಸರ್ಕಾರದೋರು ಮಾತು ಕೊಟ್ಟಿದ್ರು, ನಿಮ್ಮದು ನಿಮಗೇ ಅಂತ. ಈಗ ಮ್ಯಾಡಮ್ಮೋರು ಬಂದು ಅದು ಸಣ್ಣದು, ಬಿಡ್ರಿ ಅಂತಾರೆ. ಸಣ್ಣದೋ ದೊಡ್ಡದೋ, ಅದ್ರಾಗೆ ನಮ್ಮ ಮಂದಿ ಅದಾರೆ. ಅವರನ್ನ ಹೆಂಗ್ ಬಿಡೋಣ ಹೇಳ್ರಿ."

"ಅವರು ಅದರಲ್ಲಿ ಇಲ್ಲ ಚಮನ್ ಸಾಬ್" ಎಂದರು ನಸೀಮಾ. "ಅವರು ಹೋಗಿದ್ದೇ ಅದರಿಂದ."

"ನೀವೇ ತೋರಿಸಿದ್ದಲ್ರಿ ಮ್ಯಾಡಮ್ ಮತ್ತೆ."

ಗೋದಾಮು ನಕ್ಕಿತು. ನಸೀಮಾ ಕೂತುಬಿಟ್ಟರು. ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿಸಿತು. ಕೊಟ್ರಮ್ಮನ ಮಗಳು ಮಮತಾ ಎದ್ದು ನಿಂತಿದ್ದಳು. ಇಪ್ಪತ್ತಾರು ವರ್ಷದ ಅವಳೂ ಅಪ್ಪನ ಒಲೆಯ ಮುಂದೆಯೇ ಕೆಲಸ ಮಾಡುತ್ತಿದ್ದಳು. ಅವಳ ಎದೆಯನ್ನು ತೊಳೆದು ವಾಸಿಮಾಡಲು ಇಪ್ಪತ್ತು ದಿನಗಳಾದರೂ ಬೇಕೆಂದು ವೈದ್ಯರು ಹೇಳಿದ್ದರು. ಈ ವರ್ಷದ ಎಂಟು ದಿನಗಳಲ್ಲಿ ಆರು ಆಗಲೇ ಮುಗಿದಿದ್ದವು.

"ನಂಗೆ ಎರಡು ದಿನ ಉಳಿದಾವೆ" ಎಂದಷ್ಟೇ ಹೇಳಿ ಮಮತಾ ಕೂತಳು.

ಸಭೆ ಮುಗಿಸಿ ತಾಯಿ ಮಗಳು ಮನೆಗೆ ಬಂದರು. ಬಾಗಿಲ ಬಳಿ ಕೊಟ್ರಮ್ಮ ಹೇಳಿದಳು: "ನೀ ಒಂದ್ಸಲನಾದ್ರೂ ಬಂದು ಅಪ್ಪನ್ನ ನೋಡಿದ್ರೆ ಹಿಂಗ್ ಮಾತಾಡ್ತಿರ್ಲಿಲ್ಲ."

"ಅವ್ವಾ" ಎಂದಳು ಮಮತಾ, ಚಪ್ಪಲಿ ಬಿಡುತ್ತಾ. "ನಾ ಸತ್ರೆ ನನ್ನೂ ಅದ್ರಾಗೆ ಕೂರಿಸ್ತೀಯೇನು? ಅಪ್ಪಂಗೆ ಹನ್ನೊಂದು ಗಂಟೆ. ನಂಗೆ ಎಷ್ಟು ಗಂಟೆಗೆ ಬರ್ತಿ?"

ಕೊಟ್ರಮ್ಮ ಅಂದು ಅನ್ನಕ್ಕೆ ನೀರಿಡುವುದನ್ನು ಮರೆತು ಬರಿ ಪಾತ್ರೆಯನ್ನೇ ಒಲೆಯ ಮೇಲಿಟ್ಟಳು.

ಮತದಾನದ ದಿನ ಅವಳು ಮೊದಲು ದವಾಖಾನೆಗೆ ಹೋದಳು. ಮಮತಾ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಬರಲಿಲ್ಲ. ಗೋದಾಮಿಗೆ ಬರಲಾಗದ ರೋಗಿ ಸದಸ್ಯರು ದವಾಖಾನೆಯ ಪರದೆಗಳಿಂದಲೇ ಮತ ಹಾಕಬಹುದೆಂದು ಅಧಿಕಾರಿಗಳು ವ್ಯವಸ್ಥೆ ಮಾಡಿದ್ದರು. ಒಂದು ಸಂಗತಿಯನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಭಟ್ಟಿಯ ಜನ ಸತ್ತವರ ಹೆಸರನ್ನು ಕಾರ್ಡಿನಿಂದ ತೆಗೆಸುತ್ತಿರಲಿಲ್ಲ. ಗುಮಾಸ್ತ, "ಹೆಸರು ಹೊಡೆದು ಹಾಕ್ಲೇನವ್ವ?" ಎಂದು ಕೇಳಿದರೆ ಪ್ರತಿಯೊಂದು ಮನೆಯವರೂ, "ಇರ್ಲಿ ಬಿಡ್ರಿ" ಎನ್ನುತ್ತಿದ್ದರು. ಕೆಂಪು ಗೀಟು ಎಳೆಯುವುದನ್ನು ನಿಂತು ನೋಡಲು ಯಾರಿಗೂ ಆಗುತ್ತಿರಲಿಲ್ಲ. ಕೊಟ್ರಮ್ಮನೂ ಹಾಗೆಯೇ ಹೇಳಿ ಬಂದಿದ್ದಳು. ಹೀಗಾಗಿ ಸಂಘದ ಪಟ್ಟಿಯಲ್ಲಿ, ಕನ್ನಡಿಗಳಲ್ಲಿ ಬಿಂಬವಿದ್ದ ಮುನ್ನೂರ ಹನ್ನೆರಡು ಮಂದಿ ಸತ್ತವರು ಸದಸ್ಯರಾಗಿಯೇ ಉಳಿದಿದ್ದರು. ದವಾಖಾನೆಯ ಗಣಕಕ್ಕೆ ಅವರು ಬರಲಾಗದ ಸದಸ್ಯರು, ಕನ್ನಡಿಗಳು ದವಾಖಾನೆಯ ಪರದೆಗಳು.

ಹಾಲಪ್ಪ ಮರಳಿನ ವಿಚಾರ ಕೇಳುವ ಮೊದಲೇ ಅವನ ಕಣ್ಣು ಯಾವುದೋ ಅಕ್ಷರಗಳ ಮೇಲೆ ನಿಂತಿತು. ಕನ್ನಡಿಯ ಕೆಳಗಂಚಿನಲ್ಲಿ ಕೊಟ್ರಮ್ಮನಿಗೂ ಅವು ಕಂಡವು. ಅವನು ತಡೆದು ತಡೆದು ಓದಿದ: "ಎಂಟು ದಿನದ ಯೋಜನೆ... ಮುಂದುವರಿಯಬೇಕೇ, ಬೇಡವೇ. ಇದೇನಿದು? ಅದಿನ್ನೂ ಐತೇನು?"

ಕೊಟ್ರಮ್ಮ ಕನ್ನಡಿಗೆ ಹತ್ತಿರ ಸರಿದಳು. "ಐತಿ."

"ಅದು ಯಾವಾಗೋ ಹೋತಲ್ಲ. ಅದು ಇದ್ದಿದ್ರೆ ನಾನೆಲ್ಲಿರ್ತಿದ್ದೆ?" ಅವನು ನಕ್ಕ. ಬಿದ್ದ ಹಲ್ಲಿನ ಸಂದು ಕಂಡಿತು. "ಒಂಬತ್ತನೇ ದಿನ ನೆನಪೈತೇನು ನಿಂಗೆ?"

ಅವಳಿಗೆ ನೆನಪಿತ್ತು. ಎಂಟು ದಿನ ಮುಗಿಯಿತೆಂದು ವಾರ್ಡಿನವರು ಬೆಳಿಗ್ಗೆಯೇ ಹಾಸಿಗೆ ಬಿಡಿಸಿದ್ದರು. ಆಟೋದಲ್ಲಿ ಅವನ ತಲೆ ಅವಳ ಹೆಗಲ ಮೇಲಿತ್ತು. ಹೊಂಡ ಬಂದಾಗಲೆಲ್ಲ ಮೆಲ್ಲಗೆ ಹೋಗಪ್ಪ ಎಂದು ಡ್ರೈವರನಿಗೆ ಹೇಳುತ್ತಿದ್ದಳು. ಹನ್ನೊಂದನೇ ದಿನ ಎಲ್ಲ ಮುಗಿದಿತ್ತು.

"ನೆನಪೈತಿ" ಎಂದಳು.

"ಬೆಳಿಗ್ಗೆ ನೀ ಒಗ್ಗರಣೆ ಮಂಡಕ್ಕಿ ತಂದಿದ್ದಿ, ಸ್ಟೀಲಿನ ಡಬ್ಬಿಯಾಗೆ. ಉಪ್ಪು ಜಾಸ್ತಿ ಆಗಿತ್ತು. ನಾ ಏನೂ ಅನ್ಲಿಲ್ಲ, ಪೂರಾ ತಿಂದೆ. ಬಾಯಿಗೆ ರುಚಿ ತಿರುಗಿ ಬಂದಿದ್ದೇ ಅವತ್ತು ನೋಡು."

ಅಂಥ ಬೆಳಗು ಇರಲಿಲ್ಲ. ಅಂಥ ಡಬ್ಬಿಯನ್ನು ಅವಳು ಒಯ್ದಿರಲಿಲ್ಲ. ಆದರೂ ಉಪ್ಪು ಜಾಸ್ತಿಯಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಬಾಗಿಲ ಹೊರಗೆ ಮಮತಾ ಕೆಮ್ಮಿದಳು. ಒಮ್ಮೆ, ಮತ್ತೊಮ್ಮೆ, ಮೂರನೆಯದು ನಡುವೆಯೇ ಮುರಿಯಿತು. ಹಾಲಪ್ಪ ಕಣ್ಣು ಮುಚ್ಚಿದ. ಭಟ್ಟಿಯಲ್ಲಿ ಅಕ್ಕಿಯ ಸದ್ದಿಗೆ ಕಿವಿಗೊಡುತ್ತಿದ್ದಾಗಿನ ಮುಖವೇ.

"ಯಾರದು?"

"ಮಮತಾ."

"ಆ ಕೆಮ್ಮು ನಂದೇ ಇದ್ದಂಗೈತಿ" ಎಂದ ಅವನು. ಕಣ್ಣು ತೆರೆದು ಹೆಂಡತಿಯ ಮುಖ ನೋಡಿದ. ಅವನಿಗೆ ಏನಾದರೂ ಗೊತ್ತಾಯಿತೇ ಎಂದು ಕೊಟ್ರಮ್ಮ ಹೆದರಿದಳು. "ಇವರು ಕೇಳ್ತಿದಾರಲ್ಲ" ಎಂದ ಹಾಲಪ್ಪ. "ಏನಂತ ಹೇಳ್ಲಿ? ಇರ್ಲಿ ಅನ್ಲೋ, ಬ್ಯಾಡ ಅನ್ಲೋ?"

ಮೂವತ್ತು ವರ್ಷ ಅವನು ಹೀಗೆಯೇ. ತನಗೆ ಉತ್ತರ ಗೊತ್ತಿದ್ದರೂ ಅವಳನ್ನು ಕೇಳದೆ ಏನನ್ನೂ ಮಾಡುತ್ತಿರಲಿಲ್ಲ. ಈಗ ಇರ್ಲಿ ಅನ್ರಿ ಎಂದರೆ ಇರಲಿ ಎನ್ನುತ್ತಾನೆ. ನಾಳೆ ಹನ್ನೊಂದು ಗಂಟೆಗೆ ಮತ್ತೆ ಮರಳು ಕಾದೈತೇನು ಎನ್ನುತ್ತಾನೆ. ಮುಂದಿನ ವರ್ಷ ಇನ್ನೊಂದು ಹಲ್ಲು ಬೀಳುತ್ತದೆ. ಪಕ್ಕದ ಕನ್ನಡಿಯಲ್ಲಿ ಮಮತಾ ಇರುತ್ತಾಳೆ.

"ಬ್ಯಾಡ ಅನ್ರಿ" ಎಂದಳು ಕೊಟ್ರಮ್ಮ.

ಗೋದಾಮಿಗೆ ಹೋಗಿ ತನ್ನ ಮತವನ್ನೂ ಹಾಗೆಯೇ ಹಾಕಿದಳು.

ಮಧ್ಯಾಹ್ನ ಎಣಿಕೆಯಾಯಿತು. ಗೋದಾಮಿನಲ್ಲಿ ಬಿದ್ದ ಮತಗಳಲ್ಲಿ ಉಳಿಯಲಿ ಎಂದವರು ಒಂಬೈನೂರ ಆರು, ಬೇಡ ಎಂದವರು ಏಳುನೂರ ಐವತ್ತು. ಚಪ್ಪಾಳೆ ಶುರುವಾಗಿತ್ತು. ಅಧಿಕಾರಿ ಕೈಯೆತ್ತಿ, ದವಾಖಾನೆಯ ಪರದೆಗಳಿಂದ ಬಂದ ಮತಗಳನ್ನು ಓದಿದ. ಮುನ್ನೂರ ಹನ್ನೆರಡು. ಅಷ್ಟೂ ಬೇಡ.

ಯಾರ ಮತಗಳೆಂದು ತಿಳಿಯಲು ಜನರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ನಿಂತರು.

"ಸತ್ತೋರ ಓಟು ಹೆಂಗ್ ಎಣಿಸ್ತೀರಿ?" ಎಂದ ಚಮನ್ ಸಾಬ್. ದನಿಯಲ್ಲಿ ಬಲವಿರಲಿಲ್ಲ.

"ಪಟ್ಟಿಯಲ್ಲಿ ಇವರೆಲ್ಲ ಇದ್ದಾರಲ್ಲ ಸಾಹೇಬ್ರೆ" ಎಂದು ಅಧಿಕಾರಿ ಹಾಳೆಯನ್ನು ಮುಂದೆ ಹಿಡಿದ. "ಸತ್ತಿದ್ದಾರೆ ಅಂತ ನೀವು ಹೇಳಿ. ಒಬ್ಬೊಬ್ಬರದೇ ಹೆಸರು ಹೊಡೆದು ಸಹಿ ಮಾಡಿ. ಆ ಮತ ಬಿಡ್ತೀವಿ."

ಚಮನ್ ಸಾಬ್ ಹಾಳೆ ತೆಗೆದುಕೊಂಡ. ಮೇಲಿನಿಂದ ಬೆರಳಿಟ್ಟು ಓದುತ್ತಾ ಬಂದು ಒಂದು ಕಡೆ ನಿಂತ. ಅಲ್ಲಿ ಅವನ ಹೆಂಡತಿ ಮೆಹಬೂಬಿಯ ಹೆಸರಿತ್ತು. ಅವನು ಪೆನ್ನಿನ ಮುಚ್ಚಳ ತೆರೆದ. ಮತ್ತೆ ಮುಚ್ಚಿದ.

"ಇರ್ಲಿ ಬಿಡ್ರಿ" ಎಂದ.

ಬಾಗಿಲಲ್ಲಿ ನಿಂತಿದ್ದ ನಸೀಮಾ ಕೊಟ್ರಮ್ಮನಿಗೆ ಮಾತ್ರ ಕೇಳುವಂತೆ ಹೇಳಿದರು: "ನಾನು ಇವರನ್ನ ಸಾಕ್ಷಿಗೆ ಅಂತ ಕರೆದಿದ್ದೆ ಕೊಟ್ರಮ್ಮ. ಇವರು ಮತ ಹಾಕಿ ಹೋಗ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

ಕಡತಗಳು ಅಳಿಯಬೇಕಿದ್ದ ಮೂವತ್ತನೆಯ ದಿನ ಓಣಿಯ ಯಾವ ಭಟ್ಟಿಯೂ ಉರಿಯಲಿಲ್ಲ. ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಸರದಿಯಲ್ಲಿ ಕನ್ನಡಿಯ ಮುಂದೆ ಕೂತು ಎಂದಿನ ಮಾತುಗಳನ್ನೇ ಆಡಿದರು. ಅಂದು ಮಮತಾ ಒಳಗೆ ಬಂದು ಅವ್ವನ ಹಿಂದೆ ನಿಂತಳು. "ದಪ್ಪ ಆಗೀಯಲ್ಲೇ" ಎಂದ ಹಾಲಪ್ಪ. ಅವಳು ತೆಳ್ಳಗಾಗಿದ್ದಳು. ಅವನ ಮನೆಯ ಮಮತಾ ಹೇಗಿದ್ದಳೋ.

"ಸಂಜಿಗೆ ಬರುವಾಗ ಎಲೆ ಅಡಿಕೆ ತಾ" ಎಂದ.

"ತರ್ತೀನಿ" ಎಂದಳು ಕೊಟ್ರಮ್ಮ. ಒಣಗಿದ್ದನ್ನು ತರಬೇಡವೇ ಎಂದು ಆ ಇನ್ನೊಬ್ಬಳಿಗೆ ಮನಸ್ಸಿನಲ್ಲೇ ಹೇಳಿದಳು. ಕನ್ನಡಿಯಲ್ಲಿ ಕೊಟ್ರಮ್ಮನ ಮತ್ತು ಮಮತಾಳ ಮುಖಗಳಷ್ಟೇ ಉಳಿದವು.

ಎರಡು ವಾರದ ಬಳಿಕ ಮಮತಾಳನ್ನು ಪೂರ್ಣರಕ್ಷೆಯಡಿ ದೊಡ್ಡಾಸ್ಪತ್ರೆಗೆ ಸೇರಿಸಿದರು. ಎಂಟು ದಿನ ಕೊಟ್ರಮ್ಮ ಆಸ್ಪತ್ರೆಯ ಊಟವನ್ನೇ ತಿನ್ನಿಸಿದಳು. ಒಂಬತ್ತನೇ ದಿನ ನಸುಕಿನಲ್ಲೆದ್ದು ಒಗ್ಗರಣೆ ಹಾಕಿ, ಸ್ಟೀಲಿನ ಡಬ್ಬಿಗೆ ತುಂಬಿಕೊಂಡು ಹೊರಟಳು. ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಹಾಸಿಗೆ ಬಿಡಿಸಿರಲಿಲ್ಲ. ನರ್ಸು ಹೊಸ ಸಲೈನು ತೂಗುಹಾಕುತ್ತಿದ್ದಳು.

ಮಮತಾ ದಿಂಬಿಗೆ ಒರಗಿ ಡಬ್ಬಿ ತೆರೆದಳು. ಮೊದಲ ತುತ್ತು ನಿಧಾನವಾಗಿ ಅಗಿದಳು. ಎರಡನೆಯದನ್ನು ಬಾಯಿಗೆ ಇಡುವ ಮೊದಲು ಅವ್ವನ ಮುಖ ನೋಡಿದಳು.

"ಅವ್ವಾ, ಉಪ್ಪು ಜಾಸ್ತಿ ಆಗೇತಿ" ಎಂದಳು. ಮತ್ತೆ ತಿನ್ನತೊಡಗಿದಳು.