ಊಟ ವಿಚಾರಿಸಿದ ಭಾಷೆ

ಬೆಸುಗೆ ಹಾಕುವಾಗ ಕಾಯ್ದ ರಾಳದಿಂದ ಏಳುವ ವಾಸನೆ ಡಾ. ಅಂಬಿಕಾ ಕಟಗೇರಿ ಅವರಿಗೆ ಬಾಲ್ಯವನ್ನೇ ಎದುರಿಗೆ ತಂದು ನಿಲ್ಲಿಸುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ರೇಡಿಯೊ ದುರಸ್ತಿ ಮಾಡುತ್ತಿದ್ದ ಅವರ ತಂದೆ, ಬಿಚ್ಚಿದ ರೇಡಿಯೊವನ್ನು ಗಿರಾಕಿಗೆ ತೋರಿಸಿ ವಿವರಿಸದೆ ಎಂದೂ ಮುಚ್ಚಿದವರಲ್ಲ. ಅದೇ ಬೀದಿಯ ಮಾಳಿಗೆಯ ಕೋಣೆಯಲ್ಲಿ ಈಗ ಮಗಳ ಯಂತ್ರ ಕೆಲಸ ಮಾಡುತ್ತಿತ್ತು. ಎರಡು ಆಸ್ಪತ್ರೆಗಳ ರಕ್ತನಿಧಿಗಳನ್ನು ಅದು ಒಂದೇ ಉಸಿರಿನಲ್ಲಿ ವಿಚಾರಿಸಿ, ಬೇಕಾದ ರಕ್ತ ಎಲ್ಲಿದೆಯೆಂದು ಹೇಳಿತು.

ದತ್ತಸಂಚಯವೆಂದರೆ ಮಾಹಿತಿಯ ಕಣಜ. ಆ ಕಣಜಕ್ಕೆ ಕೈಹಾಕಲು ಒಂದು ಭಾಷೆ ಬೇಕು. ಆ ಕಾಲಕ್ಕೆ ಅಂಥ ಭಾಷೆಗಳೆಲ್ಲ ಏಕಕೋಶ ನಿಗಮವೆಂಬ ಒಂದೇ ಕಂಪನಿಯ ಸ್ವತ್ತಾಗಿದ್ದವು. ನಿಗಮದ ಅಪ್ಪಣೆಯಿಲ್ಲದೆ ಊರಿನ ಆಸ್ಪತ್ರೆ ತನ್ನ ರೋಗಿಗಳ ಬಗ್ಗೆಯೇ ಪ್ರಶ್ನೆ ಕೇಳುವಂತಿರಲಿಲ್ಲ. ಅಂಬಿಕಾ ರೂಪಿಸಿದ ಪ್ರಾಯೋಗಿಕ ಭಾಷೆ ‘ಕೂಡುನುಡಿ’ಯಲ್ಲಿ ಎರಡು ಹೊಸ ಸಂಗತಿಗಳಿದ್ದವು. ಪ್ರತಿ ಉತ್ತರಕ್ಕೂ ಅದನ್ನು ಕೊಟ್ಟವರ ಹೆಸರು ಅಳಿಸಲಾಗದಂತೆ ಅಂಟಿಕೊಳ್ಳುತ್ತಿತ್ತು. ಇನ್ನೊಂದು ‘ನಿಲುಪ್ರಶ್ನೆ’: ತಕ್ಕ ಉತ್ತರ ಸಿಗುವವರೆಗೆ ಅದು ಬಾಗಿಲಲ್ಲೇ ನಿಂತು ಮುಂದಿನ ಕೆಲಸವನ್ನು ತಡೆಯುತ್ತಿತ್ತು.

ಕಲಿಯದವರಿಗೂ ಈ ಭಾಷೆ ದಕ್ಕುತ್ತದೆಯೇ ಎಂದು ನೋಡಲು ಅಂಬಿಕಾ ಕೆಳಗಿನ ಖಾನಾವಳಿಯ ನೀಲವ್ವನನ್ನು ಕರೆದರು. ಮನುಷ್ಯರ ಮಾಹಿತಿ ತುಂಬುವ ಒಂದು ಮಾದರಿಯನ್ನು ಬರೆಯಲು ಹೇಳಿದರು. ನೀಲವ್ವ ಮೊದಲ ಸಾಲಿನಲ್ಲೇ ನಿಲುಪ್ರಶ್ನೆ ಇಟ್ಟಳು: ‘ಊಟ ಆತೇನು?’

“ಇದ್ಯಾಕ ನೀಲವ್ವ? ಹೆಸರು ಮೊದಲ ಕೇಳಬೇಕಲ್ಲ?”

“ಹಸದು ಬಂದವರಿಗೆ ಹೆಸರು ಕೇಳತಾರೇನ್ರಿ ಅಕ್ಕಾರ? ಆತು ಅನ್ನೂತನಾ ಮುಂದ ಬಿಡೂದಿಲ್ಲ ನಾ.”

ಆಮೇಲೆ ತೆಗೆದರಾಯಿತೆಂದು ಅಂಬಿಕಾ ನಕ್ಕರು.

ಅಂದೇ ನಿಗಮದ ನಿರ್ದೇಶಕರು ಪರದೆಯ ಮೇಲೆ ಕಾಣಿಸಿಕೊಂಡರು. “ಮೇಡಂ, ಭಾಷೆಯನ್ನ ನಮಗೆ ಬರೆದುಕೊಡಿ. ನಿಮ್ಮ ಹೆಸರನ್ನೇ ಇಡ್ತೀವಿ. ಇಲ್ಲಾಂದ್ರೆ ನಾಳೆ ತಡೆಯಾಜ್ಞೆ ಬರುತ್ತೆ.”

“ನಾಳೆ ಬರೂದು ನಾಳೆ ಬರಲಿ. ಈಗ ಇಲ್ಲಿ ನೋಡ್ರಿ,” ಎನ್ನುತ್ತ ಅಂಬಿಕಾ ನಿರ್ದೇಶಕರ ಕಣ್ಣೆದುರೇ ಗುಂಡಿ ಒತ್ತಿದರು. ಭಾಷೆಯ ಒಳಹೊರಗೆಲ್ಲ, ಮಾದರಿಗಳ ಸಮೇತ, ಯಾರಾದರೂ ಪಡೆದು, ತಿದ್ದಿ, ಹಂಚಬಹುದಾದಂತೆ ಜಗತ್ತಿಗೆ ಹೊರಟುಹೋಯಿತು. “ಗಾಳೀನ ಗಂಟು ಕಟ್ಟೂದಾದ್ರ ಕಟ್ರಿ!”

ಆ ಅವಸರದಲ್ಲಿ ನೀಲವ್ವನ ಸಾಲನ್ನು ತೆಗೆಯುವುದು ಮರೆತೇಹೋಯಿತು.

ಎಲ್ಲರೂ ಮಾದರಿಯನ್ನು ಇದ್ದಂತೆಯೇ ನಕಲು ಮಾಡಿಕೊಂಡರು. ಬಂದರುಗಳಲ್ಲಿ, ಶಾಲೆಗಳಲ್ಲಿ, ಗಡಿಠಾಣೆಗಳಲ್ಲಿ ಯಂತ್ರಗಳು ಆಯಾ ನಾಡಿನ ನುಡಿಯಲ್ಲಿ ಮೊದಲು ಊಟ ವಿಚಾರಿಸತೊಡಗಿದವು. ದೂರದ ಯಾವುದೋ ಗಡಿಯಲ್ಲಿ ಕಾವಲುಗಾರನೊಬ್ಬ ಆ ಸಾಲನ್ನು ಅಳಿಸಲು ಹೋಗಿ, ಎದುರಿಗಿದ್ದ ಮಗುವಿನ ಮುಖ ನೋಡಿ, ತನ್ನ ಬ್ರೆಡ್ಡನ್ನು ಮುರಿದು ಕೊಟ್ಟನಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಗಮದ ಜಾರಿ ಅಧಿಕಾರಿ ನದಾಫ್ ಮಾಳಿಗೆ ಹತ್ತಿ ಬಂದರು. ಅಂಬಿಕಾ ಅವರ ಯಂತ್ರವನ್ನು ವಶಪಡಿಸಿಕೊಳ್ಳುವ ಆದೇಶ ಅವರು ಹಿಡಿದಿದ್ದ ಕೈಫಲಕದ ಪರದೆಯಲ್ಲಿತ್ತು. ಆ ಸಂಜೆಯೊಳಗೆ ಜಾರಿಯಾಗದಿದ್ದರೆ ಅದು ರದ್ದು. ಭಾಷೆಯ ಅರ್ಧ ಬರೆದ ಮುಂದಿನ ರೂಪ ಇದ್ದುದು ಆ ಯಂತ್ರದೊಳಗೆ ಮಾತ್ರ.

ಫಲಕ ತೆರೆದ ನದಾಫ್ ಕೆಮ್ಮಿದರು. “ಮೇಡಮ್ಮಾರ... ನಿಮ್ದು ಊಟ ಆತೇನ್ರಿ?”

ಬಾಗಿಲಲ್ಲಿದ್ದ ನೀಲವ್ವ ಗೊಳ್ಳೆಂದು ನಕ್ಕಳು. “ಅಯ್ಯ, ನಿಮ್ಮ ನಿಗಮದಾಗೂ ನಂದ ಮಾತು ನಡದೈತೇನು!”

“ಪುಕ್ಕಟೆ ಸಿಗತೈತಂತ ನಮ್ಮವರೂ ಕೂಡುನುಡೀನ ಹಾಕ್ಕೊಂಡಾರ್ರಿ,” ನದಾಫ್ ತಲೆ ತಗ್ಗಿಸಿದರು. “ಆತು ಅಂತ ಬರೀದ ಹೊರತು ಆದೇಶ ತೆರೀವಲ್ತು.”

ಅಂಬಿಕಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಆಗಿಲ್ಲ. ಬೆಳಿಗ್ಗಿಂದ ಉಂಡಿಲ್ಲ, ಸಂಜೀತನಕ ಉಣ್ಣೂದೂ ಇಲ್ಲ. ಬೇಕಾದ್ರ ನೀವ ಬರೀರಿ, ಆತು ಅಂತ. ನಿಮ್ಮ ಹೆಸರಿಗೆ ಅಂಟಿಕೊಂಡಿರತೈತಿ.”

ನದಾಫ್ ಫಲಕದ ಮೇಲೆ ಬೆರಳಿಟ್ಟರು; ಒತ್ತಲಿಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತಿ ಕೆಂಪಾಗುವವರೆಗೂ ಹಾಗೇ ನಿಂತಿದ್ದರು.

“ಹಸದವ್ರು ಉಂಡಾರ ಅಂತ ಬರದು, ಮನಿಗೆ ಹೋಗಿ ನಾ ಹೆಂಗ ಉಣ್ಣಲಿ?” ಎಂದು ಕೊನೆಗೆ ತಮಗೇ ಹೇಳಿಕೊಂಡು, ಫಲಕವನ್ನು ಆರಿಸಿ ಚೀಲಕ್ಕೆ ಹಾಕಿದರು. ದಿನವಿಡೀ ಬಸ್ಸು ಹತ್ತಿಳಿದು ಅವರ ತುಟಿ ಒಣಗಿಹೋಗಿತ್ತು.

ನೀಲವ್ವ ಕೆಳಗಿಳಿದು ಹೋದಳು. ಮರಳಿ ಬಂದವಳು ಬಿಸಿ ರೊಟ್ಟಿ ಝುಣಕದ ತಾಟನ್ನು ಮೊದಲು ನದಾಫರ ಕೈಗಿಟ್ಟಳು.