ಏಳು ಗಂಟೆಯ ಹಲ್ಲು

ಆ ಬುಧವಾರ ಮಧ್ಯಾಹ್ನ ಕುಲ್ಯಾಶ್ ನನ್ನ ಚಿಕಿತ್ಸಾ ಕೋಣೆಗೆ ಬಂದಾಗ ಅವಳಿಗೆ ಕಾಯಿಲೆ ಏನೂ ಇರಲಿಲ್ಲ. ಬಾಗಿಲು ಮುಚ್ಚಿ, ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಲ ನೋಡಿದಳು. ನಮ್ಮ ರೇಡಾರ್ ನೆಲೆಯ ಎರಡನೇ ಪಾಳಿಯ ಮುಖ್ಯಸ್ಥೆ ಅವಳು. ಮೂವತ್ತೆರಡು ವಯಸ್ಸು, ಯಾರಿಗೂ ಸೊಪ್ಪು ಹಾಕದ ಹೆಂಗಸು. ಅವಳು ಹಾಗೆ ಕೂತದ್ದನ್ನು ನಾನೆಂದೂ ಕಂಡಿರಲಿಲ್ಲ.

"ರಿಮ್ಮಾ ಒಸಿಪೊವ್ನಾ, ನಾಳೆ ಹನ್ನೆರಡರ ವಿಮಾನದಲ್ಲಿ ನನ್ನ ವಿಚಾರಣೆಗೆ ಕಳಿಸ್ತಾರಂತೆ. ಎರಡು ಪ್ರಶ್ನೆ ಕೇಳೋದಿದೆಯಂತೆ, ಅಷ್ಟೇ ಅಂತೆ," ಎಂದಳು. "ನಮ್ಮಪ್ಪನ್ನೂ ಎರಡು ಪ್ರಶ್ನೆ ಕೇಳೋದಿದೆ ಅಂತಲೇ ಕರ್ಕೊಂಡು ಹೋಗಿದ್ದು. ನಂಗಾಗ ಮೂರು ವರ್ಷ. ತಿರುಗಿ ಬರ್ಲೇ ಇಲ್ಲ."

ಅದೃಷ್ಟಕ್ಕೆ ಪರದೆಯ ಆಚೆ ಸಬೀರ್ ದೌಲೆತೊವಿಚ್ ತಮ್ಮ ನೋಯುವ ಮಂಡಿಗಳಿಗೆ ಬಿಸಿ ಉಪ್ಪಿನ ಚೀಲ ಇಟ್ಟುಕೊಂಡು ಮಲಗಿದ್ದರು. ಅಲ್ಮಾ-ಅತಾದಲ್ಲಿ ಇಪ್ಪತ್ತೆರಡು ವರ್ಷ ಅಪರಾಧ ತನಿಖೆ ಮಾಡಿ, ನಿವೃತ್ತರಾಗಿ, ಬಾಲ್ಖಾಶ್ ಸರೋವರದ ದಂಡೆಯ, ಹೊರಗಿನವರಿಗೆ ಪ್ರವೇಶವಿಲ್ಲದ ಈ ಮುಚ್ಚಿದ ಊರಿಗೆ ಬೆಂಕಿ ತಪಾಸಣಾಧಿಕಾರಿಯಾಗಿ ಬಂದವರು. ಕಿರಿಯರೆಲ್ಲ ಅವರನ್ನು 'ಅಗಾ', ಎಂದರೆ ಅಣ್ಣ, ಎನ್ನುತ್ತಿದ್ದರು. ಊರಿನಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದದ್ದು ಅವರ ಬಳಿಗೆ, ಎಂದರೆ ನನ್ನ ಕೋಣೆಗೆ.

"ಮೊದಲಿಂದ ಹೇಳಮ್ಮ," ಎಂದು ಪರದೆಯ ಒಳಗಿನಿಂದಲೇ ಅಂದರು.

ಕುಲ್ಯಾಶ್ ಹೇಳಿದಳು. ದಿನಸಿ ಅಂಗಡಿಯವನು ತಕ್ಕಡಿ ಸರಿಯಿದೆಯೇ ಎಂದು ತೂಕ ಗೊತ್ತಿರುವ ಬಟ್ಟಿಟ್ಟು ನೋಡುತ್ತಾನಲ್ಲ, ನಮ್ಮ ರೇಡಾರ್‌ಗೆ ಅಂಥ ಬಟ್ಟು ಆಕಾಶದಲ್ಲಿತ್ತು: ಅಳತೆ ಕರಾರುವಾಕ್ಕಾಗಿ ಗೊತ್ತಿರುವ ಒಂದು ಲೋಹದ ಗೋಳ. ಗೋಳಕ್ಕೆ ಮುಂದು ಹಿಂದು ಇಲ್ಲ. ಹೇಗೆ ಉರುಳಿದರೂ ಅದರಿಂದ ಬರುವ ಪ್ರತಿಧ್ವನಿ ಒಂದೇ. ಅದು ನಮ್ಮ ತಲೆಯ ಮೇಲೆ ಹಾಯುವಾಗ ಯಂತ್ರದ ಲೇಖನಿ ಕಾಗದದ ಸುರುಳಿಯ ಮೇಲೆ ನುಣುಪಾದ ಕಮಾನು ಬರೆಯಬೇಕು. ಹೊಸ ಗೋಳವನ್ನು ಕಕ್ಷೆಗೆ ಹಾರಿಸಿ ವಾರವಾಗಿತ್ತು. ಸೋಮವಾರ ಸಂಜೆ ಮೊದಲನೇ ಪಾಳಿಯ ಗ್ಲೆಬ್ ಅರ್ತೆಮೊವಿಚ್ ಸ್ತೊಝಾರೊವ್ ಅದನ್ನು ಅಳೆದಿದ್ದರು. ಮಂಗಳವಾರ ಸಂಜೆ ಕುಲ್ಯಾಶ್ ಅಳೆದಿದ್ದಳು.

"ಅವರದ್ದು ಬೆಣ್ಣೆ ಥರ ಬಂತು. ನಂದು ಬಾಚಣಿಗೆ ಥರ. ಮೇಲೆ ಕೆಳಗೆ, ಮೇಲೆ ಕೆಳಗೆ. ಊಟದ ಮನೇಲಿ ಎಲ್ಲರ ಮುಂದೇನೇ ಹೇಳಿದೆ, ಮುಚ್ಚಿಡೋ ಬುದ್ಧಿ ಇದ್ದಿದ್ರೆ ಹೇಳ್ತಿದ್ನಾ? ಸುರುಳೀನ ಡಬ್ಬಿಗೆ ಹಾಕಿ ನನ್ನ ಬೀರುವಿನಲ್ಲಿಟ್ಟು ನನ್ನ ಮುದ್ರೆ ಒತ್ತಿದೆ. ಇವತ್ತು ಮಧ್ಯಾಹ್ನ ಕರ್ನಲ್ ಮುಂದೆ ತೆಗೆದ್ರೆ ಡಬ್ಬಿ ಖಾಲಿ. ಮುದ್ರೆ ಇದ್ದ ಹಾಗೇ ಇತ್ತು. ನನ್ನ ಮುದ್ರೆ ನನ್ನ ಕೊರಳಲ್ಲೇ ಇದೆ."

"ಕರ್ನಲ್ ಏನಂತಾರೆ?" ಎಂದರು ಅಗಾ.

"ರಿಸೀವರ್ ಕೆಡಿಸಿ, ಸಾಕ್ಷಿ ನಾನೇ ತೆಗೆದೆ ಅಂತಾರೆ. ಇನ್ನೊಂದು ಸಂಜೆ ಅಳೀತೀನಿ ಅಂದೆ. ಸಂಶಯ ಇರೋರು ಯಂತ್ರ ಮುಟ್ಟೋ ಹಾಗಿಲ್ವಂತೆ. ಕರ್ನಲ್ ನಾಳೆ ಸ್ತೊಝಾರೊವ್ ಸುರುಳಿಗೇ ಸಹಿ ಹಾಕಿ ಮಾಸ್ಕೋಗೆ ಕಳಿಸ್ತಾರೆ. ಶುಕ್ರವಾರ ಸ್ತೊಝಾರೊವ್‌ಗೆ ಲೆನಿನ್‌ಗ್ರಾದ್‌ಗೆ ವರ್ಗ. ಹೊಸ ಯಂತ್ರ ಜೋಡಿಸಿದ್ದು ಅವರೇ, ಅದಕ್ಕೇ ಬಡ್ತಿ."

ಅಗಾ ಪರದೆ ಸರಿಸಿ ಎದ್ದು ಬಂದರು. "ಮನೆಗೆ ಹೋಗಿ ಮಲಗು. ಪೆಟ್ಟಿಗೆ ಮಾತ್ರ ಕಟ್ಟಬೇಡ," ಎಂದರು.

ಅವಳು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಕಡತಗಳ ಕೋಣೆಯ ಅಗ್ನಿಯಾ ಲ್ವೊವ್ನಾಗೆ ಇವಳನ್ನ ಕಂಡ್ರೆ ಆಗಲ್ಲ, ಅಗಾ. ಬೀರು ಇರೋದೂ ಅವಳ ಕಿಟಕಿ ಎದುರಿಗೇ."

"ನಿಮಗೂ ಅಗ್ನಿಯಾನ ಕಂಡ್ರೆ ಆಗಲ್ಲ, ರಿಮ್ಮಾ. ಅದಕ್ಕೆ ನಿಮ್ಮನ್ನ ಹಿಡೀಲಾ?" ಎಂದರು.

ಸಂಜೆ ಊಟದ ಮನೆಯಲ್ಲಿ ಎಲ್ಲರ ಕಣ್ಣೂ ಪಕ್ಕದವರ ಮೇಲೆ. ಕುಲ್ಯಾಶ್ ಕೂರುವ ಮೇಜಿನ ಹತ್ತಿರ ಒಬ್ಬರೂ ಸುಳಿದಿರಲಿಲ್ಲ. ನಿನ್ನೆಯವರೆಗೆ ಅವಳ ಜೊತೆ ನಗುತ್ತಿದ್ದವರೇ ಇಂದು ತಟ್ಟೆ ಎತ್ತಿಕೊಂಡು ಮೂಲೆ ಹಿಡಿದಿದ್ದರು. ನನಗೆ ಮೈ ಉರಿಯಿತು. ಸ್ತೊಝಾರೊವ್ ಮಾತ್ರ ಒಬ್ಬರೇ ಕೂತು, ಬೆಳ್ಳಿ ಹಿಡಿಕೆಯ ಗಾಜಿನ ಲೋಟದಲ್ಲಿ ಚಹಾಕ್ಕೆ ರಾಸ್ಪ್‌ಬೆರಿ ಹಣ್ಣಿನ ಪಾಕ ಕಲಸುತ್ತಿದ್ದರು. ಆ ಲೋಟವಿಲ್ಲದೆ ಅವರನ್ನು ಯಾರೂ ಕಂಡವರಿಲ್ಲ.

ಗೋಡೆಯ ಗಡಿಯಾರ ಏಳು ಹೊಡೆಯಿತು. ಅಷ್ಟೂ ಮಂದಿ, ನಾನೂ ಸೇರಿ, ಅಂಗೈಯಿಂದ ತಟ್ಟೆ ಮುಚ್ಚಿಕೊಂಡೆವು. ಏನೂ ಆಗಲಿಲ್ಲ. ಎಲ್ಲರೂ ಕೈ ತೆಗೆದು ಊಟ ಮುಂದುವರಿಸಿದೆವು.

ಅಡುಗೆಯ ಪೆಲಗೇಯಾ ಸೌಟು ಹಿಡಿದು ನಕ್ಕಳು. "ಮೇ ತಿಂಗಳಲ್ಲೇ ತಂತಿ ಕರೆಂಟು ಬಂತು, ಜನರೇಟರ್ ಗುಜರಿಗೆ ಹೋಯ್ತು, ಇನ್ನು ನಿಮ್ಮ ಕಟ್ಲೆಟ್ ಯಾರು ಕದೀತಾರ್ರೀ?"

ಹಿಂದೆ ದಿನವೂ ಏಳಕ್ಕೆ ಸರಿಯಾಗಿ ಹಗಲಿನ ಜನರೇಟರ್ ನಿಲ್ಲಿಸಿ ಇರುಳಿನದನ್ನು ಹಚ್ಚುತ್ತಿದ್ದರು. ದೀಪ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಅಷ್ಟರಲ್ಲಿ ಪಕ್ಕದವನ ಕಟ್ಲೆಟ್ ಮಾಯ ಮಾಡುವ ನಿಸ್ಸೀಮರು ನಮ್ಮಲ್ಲಿದ್ದರು. ಮೂರು ವರ್ಷದ ಅಭ್ಯಾಸ ಐದು ತಿಂಗಳಲ್ಲಿ ಬಿಡುತ್ತದೆಯೇ? ಅಗಾ ಮಾತ್ರ ತಮ್ಮ ಅಂಗೈಯನ್ನು ತಟ್ಟೆಯ ಮೇಲಿಂದ ತೆಗೆದಿರಲೇ ಇಲ್ಲ. ಅದನ್ನೇ ದಿಟ್ಟಿಸುತ್ತಿದ್ದರು.

ಗುರುವಾರ ಬೆಳಿಗ್ಗೆ ಇಬ್ಬರೂ ಕಡತಗಳ ಕೋಣೆಯ ಮುಂದಿನ ಹಜಾರಕ್ಕೆ ಹೋದೆವು. ಅಗ್ನಿಯಾ ಸಣ್ಣ ಕಿಟಕಿಯ ಹಿಂದೆ ತುಟಿ ಬಿಗಿದು ಕೂತಿದ್ದಳು. ಎದುರಿನ ಗೋಡೆಗೆ ಪಾಳಿಯ ಬೀರುಗಳು. ಒಂದೊಂದರ ಬಾಗಿಲಿಗೂ ಹಿತ್ತಾಳೆಯ ಪುಟ್ಟ ಬಟ್ಟಲು, ಅದರ ತುಂಬ ಮೆತು ಮೇಣ, ಚೌಕಟ್ಟಿನಿಂದ ಬಂದು ಮೇಣದೊಳಗೆ ಹುದುಗಿದ ದಾರದ ತುದಿ, ಮೇಲೆ ಬೀರುವಿನ ಒಡೆಯರ ಮುದ್ರೆ. ಪಕ್ಕದಲ್ಲೇ ಬೆಂಕಿ ಆರಿಸುವ ಮರಳಿನ ಕೆಂಪು ಪೆಟ್ಟಿಗೆ.

"ನಾನು ಕಿಟಕಿ ಬಿಟ್ಟು ಕದಲಿಲ್ಲ," ಎಂದಳು ಅಗ್ನಿಯಾ, ನಾವು ಕೇಳುವ ಮೊದಲೇ.

"ಯಾರಾದ್ರೂ ಹಳೇ ಕಾಗದ ಕೇಳಿದ್ರೆ?" ಎಂದರು ಅಗಾ.

"ಒಳಗಿಂದ ತರ್ತೀನಿ. ಐದು ನಿಮಿಷ." ಅವಳು ಪುಸ್ತಕ ತಿರುಗಿಸಿ ತೋರಿಸಿದಳು. ಆ ವಾರ ಒಂದೇ ನಮೂದು. ಕಳೆದ ವರ್ಷ ಅಕ್ಟೋಬರಿನಲ್ಲಿ ಹಳೆಯ ಗೋಳವನ್ನು ಅಳೆದ ಸುರುಳಿ. ಹೋಲಿಕೆಗೆಂದು ಸ್ತೊಝಾರೊವ್ ಮಂಗಳವಾರ ಬೆಳಿಗ್ಗೆ ಪಡೆದು, ಬುಧವಾರ ಬೆಳಿಗ್ಗೆ ಹಿಂತಿರುಗಿಸಿದ್ದರು.

ಅಗಾ ಕುಲ್ಯಾಶಳ ಬೀರುವಿನ ಹಿತ್ತಾಳೆ ಬಟ್ಟಲಿನ ಅಡಿಯನ್ನು ಬೆರಳಿನಿಂದ ಸವರಿ, ಬೆರಳನ್ನು ಮೂಸಿದರು. ಆಮೇಲೆ ತಮ್ಮ ಕೆಂಪು ಪೆಟ್ಟಿಗೆಯ ಮುಚ್ಚಳ ಎತ್ತಿ ಬಹಳ ಹೊತ್ತು ನೋಡಿದರು. "ಮರಳು ಬೆಳೆದಿದೆ," ಎಂದು ಗೊಣಗಿದರು. ವಯಸ್ಸಾದವರು, ಏನೋ ಹೇಳುತ್ತಾರೆ ಎಂದುಕೊಂಡೆ. ನನ್ನ ದಡ್ಡತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೊಂದಕ್ಕೆ ನೆಲೆಯ ಮುಖ್ಯಸ್ಥ ಕರ್ನಲ್ ಯೆವ್ದೊಕಿಮೊವ್ ಅದೇ ಹಜಾರಕ್ಕೆ ಬಂದರು. ಕುಲ್ಯಾಶ್ ಮೇಲಂಗಿ ತೊಟ್ಟು ನಿಂತಿದ್ದಳು, ಪೆಟ್ಟಿಗೆ ಕಟ್ಟಿರಲಿಲ್ಲ. ಸ್ತೊಝಾರೊವ್ ಲೋಟದೊಡನೆ ಗೋಡೆಗೆ ಒರಗಿದ್ದರು. ಅಗ್ನಿಯಾ ಕಿಟಕಿಯಲ್ಲಿದ್ದಳು. ಪೆಲಗೇಯಾ ಚಹಾ ತಂದ ನೆಪದಲ್ಲಿ ಬಂದವಳು ಅಲ್ಲಿಯೇ ಉಳಿದಿದ್ದಳು.

"ಸಬೀರ್ ದೌಲೆತೊವಿಚ್, ವಿಮಾನಕ್ಕೆ ಒಂದು ಗಂಟೆ ಇದೆ. ಬೇಗ ಹೇಳಿ," ಎಂದರು ಕರ್ನಲ್.

"ಒಂದು ಚಹಾ ಕುಡಿಯೋ ಹೊತ್ತು ಸಾಕು," ಎಂದ ಅಗಾ ಪೆಲಗೇಯಾಳ ತಟ್ಟೆಯಿಂದ ಕುದಿಯುವ ಚಹಾದ ಲೋಟ ಎತ್ತಿದರು. ಅಗ್ನಿಯಾಳಿಂದ ಒಂದು ಖಾಲಿ ಬೀರುವಿಗೆ ಮುದ್ರೆ ಒತ್ತಿಸಿದರು. ಲೋಟವನ್ನು ಹಿತ್ತಾಳೆ ಬಟ್ಟಲಿನ ಅಡಿಗೆ ಒತ್ತಿ ಹಿಡಿದರು. ನಾವು ಕಾದೆವು. ಮೂರು ನಿಮಿಷ ಕಳೆದ ಮೇಲೆ ದಾರವನ್ನು ಮೆಲ್ಲಗೆ ಎಳೆದರು. ಅದು ಮೇಣದ ತಳದಿಂದ ಜಾರಿ ಬಂತು. ಬಾಗಿಲು ತೆರೆದರು, ಮುಚ್ಚಿದರು, ದಾರದ ತುದಿಯನ್ನು ಮತ್ತೆ ಒಳಗೆ ತೂರಿಸಿದರು. ಮೇಲಿನ ಮುದ್ರೆಯಲ್ಲಿ ಒಂದು ಗೀರೂ ಇರಲಿಲ್ಲ.

ಅಗ್ನಿಯಾ ಕಿಟಕಿಯಿಂದ ಮೈ ಚಾಚಿ ತನ್ನ ಮುದ್ರೆಯನ್ನೇ ನೋಡಿದಳು.

"ಮುದ್ರೆ ಒಡೀದೆ ಇದ್ರೆ ಒಡತಿಯೇ ಕಳ್ಳಿ ಅನ್ನೋ ಮಾತು ಹೋಯ್ತು," ಎಂದರು ಅಗಾ. "ಇನ್ನು ಯಾರು? ಕುಲ್ಯಾಶ್ ಬೀರುವಿನ ಬಟ್ಟಲ ಅಡೀಲಿ ರಾಸ್ಪ್‌ಬೆರಿ ಪಾಕದ ಅಂಟು ಇತ್ತು. ಆದ್ರೆ ಪಾಕ ಯಾರ ಮನೇಲಾದ್ರೂ ಇರುತ್ತೆ, ಅದಕ್ಕೆ ನಾನು ಯಾರನ್ನೂ ಹಿಡಿಯಲ್ಲ. ಕರ್ನಲ್ ಸಾಹೇಬ್ರೇ, ಸೋಮವಾರದ ಸುರುಳಿ ಬಿಚ್ಚಿ. ಏಳು ಗಂಟೆ ಗುರುತಿನ ಹತ್ತಿರ ಏನಿದೆ?"

ಕರ್ನಲ್ ಬಿಚ್ಚಿದರು. ನುಣುಪಾದ ಕಮಾನು. ಏಳರ ಗುರುತಿನಲ್ಲಿ ಒಂದೇ ಒಂದು ಪುಟ್ಟ ಹಲ್ಲು.

"ಅದಾ? ಅದು ಯಾವಾಗ್ಲೂ ಇರುತ್ತಲ್ಲ," ಎಂದವರು ಮಾತು ಅರ್ಧಕ್ಕೇ ನಿಲ್ಲಿಸಿದರು.

"ಇರ್ತಿತ್ತು," ಎಂದರು ಅಗಾ. "ಜನರೇಟರ್ ಬದಲಿಸುವಾಗ ದೀಪ ಮಿಟುಕ್ತಿತ್ತು, ಲೇಖನಿ ಎಡವ್ತಿತ್ತು. ಮೂರು ವರ್ಷ ನೋಡಿ ನೋಡಿ ನಿಮಗ್ಯಾರಿಗೂ ಅದು ಕಾಣ್ತಾನೇ ಇಲ್ಲ. ನಿನ್ನೆ ಏಳಕ್ಕೆ ನಾನೂ ಇಲ್ಲದ ಕತ್ತಲಿಗೆ ತಟ್ಟೆ ಮುಚ್ಚಿದೆ. ಮೇ ತಿಂಗಳಿಂದ ಜನರೇಟರೇ ಇಲ್ಲ. ಈ ಹಲ್ಲು ಈ ಸೋಮವಾರದ್ದಲ್ಲ, ಕಳೆದ ವರ್ಷದ ಅಕ್ಟೋಬರಿಂದು. ಹಳೇ ಸುರುಳಿ ಮೇಲೆ ಹೊಸ ಕಾಗದ ಇಟ್ಟು, ಗೆರೆ ಬಿಡದೆ ತಿದ್ದಿದ್ದಾರೆ. ಹಲ್ಲನ್ನೂ ಬಿಟ್ಟಿಲ್ಲ."

ಎಲ್ಲರೂ ಸ್ತೊಝಾರೊವ್ ಕಡೆ ತಿರುಗಿದೆವು. ಅವರು ಲೋಟವನ್ನು ಬೆನ್ನ ಹಿಂದೆ ಸರಿಸಿದರು.

"ಮಂಗಳವಾರ ತಿದ್ದಿದ್ರಿ. ಅವತ್ತು ಸಂಜೆ ಇವಳ ಗೆರೆ ಅಲುಗಿದ್ದು ಊಟದ ಮನೇಲಿ ಕೇಳಿದ್ರಿ. ಎರಡನ್ನೂ ಪಕ್ಕ ಪಕ್ಕ ಇಟ್ರೆ ನಿಮ್ಮ ನಕಲು ಹೊರಬೀಳುತ್ತೆ. ಬುಧವಾರ ಹಳೇದನ್ನ ವಾಪಸ್ ಕೊಡೋಕೆ ಬಂದ್ರಿ, ಅಗ್ನಿಯಾ ಒಳಗೆ ಹೋದಳು, ಲೋಟ ಕೈಯಲ್ಲಿತ್ತು. ಗೇಟಲ್ಲಿ ಮೈ ತಡವ್ತಾರೆ, ಕಾಗದ ಹೊರಗೆ ಹೋಗಲ್ಲ. ಈ ಕಟ್ಟಡದಲ್ಲಿ ಒಲೆ ಇಡೋಕೆ ನಾನು ಬಿಟ್ಟಿಲ್ಲ, ಸುಡೋಕೂ ಆಗಲ್ಲ." ಅಗಾ ಕೆಂಪು ಪೆಟ್ಟಿಗೆಯ ಮುಚ್ಚಳ ತೆಗೆದು ಮೊಣಕೈವರೆಗೆ ಮರಳಿನೊಳಗೆ ಕೈ ಹಾಕಿದರು. "ಸೋಮವಾರ ಸೋಮವಾರ ಈ ಮರಳನ್ನ ನಾನೇ ಮಟ್ಟ ಮಾಡ್ತೀನಿ. ಇವತ್ತು ಎರಡು ಬೆರಳು ಏರಿದೆ."

ಮೇಣದ ಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ ಹೊರಗೆ ಬಂತು. ಕುಲ್ಯಾಶಳದು. ಅಗಾ ಮತ್ತೆ ಕೈ ಹಾಕಿದರು. ಇನ್ನೊಂದು ಬಂತು.

"ಇದು ಯಾರದ್ದು?" ಎಂದರು ಕರ್ನಲ್.

"ನನ್ನದು," ಎಂದರು ಸ್ತೊಝಾರೊವ್. "ಸೋಮವಾರದ ನಿಜವಾದದ್ದು. ಅದೂ ಅಲುಗ್ತಿತ್ತು. ಯಂತ್ರ ಜೋಡಿಸಿ ಸಹಿ ಹಾಕಿದ್ದು ನಾನು. ಕೆಡಿಸಿದ್ದು ನಾನೇ ಅಂತಾರೆ ಅಂತ ಹೆದರಿದೆ."

"ಇದನ್ನ ಯಾಕೆ ಹರಿದು ಹಾಕ್ಲಿಲ್ಲ?"

"ಕೈ ಬರ್ಲಿಲ್ಲ. ಅಳತೆ ಅಲ್ವಾ ಅದು."

ಕುಲ್ಯಾಶ್ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಎರಡೂ ಸುರುಳಿಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಏರಿಗೆ ಏರು, ಇಳಿತಕ್ಕೆ ಇಳಿತ, ಎರಡರಲ್ಲೂ ಅದೇ ಅಂತರ.

"ಯಂತ್ರ ಚೆನ್ನಾಗೇ ಇದೆ," ಎಂದಳು. "ಯಂತ್ರ ಕೆಟ್ಟಿದ್ರೆ ಇಷ್ಟು ಲಯವಾಗಿ ಕೆಡಲ್ಲ. ಕೆಟ್ಟಿರೋದು ಗೋಳ. ಹಾರಿಸಿದ ಮೇಲೆ ಬಿಚ್ಚಿಕೊಳ್ಳಬೇಕಿದ್ದ ಪಟ್ಟಿಯೋ ಏನೋ ಅದಕ್ಕೇ ಅಂಟಿಕೊಂಡಿದೆ, ಅದರ ಜೊತೇಲೇ ಸುತ್ತುತ್ತಿದೆ. ಗ್ಲೆಬ್ ಅರ್ತೆಮೊವಿಚ್, ನೀವು ಅಳೆದಿದ್ದು ಸರಿಯಾಗೇ ಇತ್ತು. ಸೋಮವಾರವೇ ಹೇಳಿದ್ರೆ ಮಂಗಳವಾರ ನಾನು ನಿಮ್ಮ ಪಕ್ಕ ನಿಂತಿರ್ತಿದ್ದೆ."

ಸ್ತೊಝಾರೊವ್ ಮುಖ ಮುಚ್ಚಿಕೊಂಡರು. ಇನ್ನೊಬ್ಬಳನ್ನು ಬಲಿ ಕೊಡಲು ಹೊರಟಿದ್ದ ಮನುಷ್ಯ. ನನಗೆ ಕನಿಕರ ಬರಬಾರದಿತ್ತು. ಬಂತು.

ಕರ್ನಲ್ ಗಡಿಯಾರ ನೋಡಿದರು. "ವಿಮಾನದಲ್ಲಿ ಒಂದು ಜಾಗ ಇದೆ. ಸ್ತೊಝಾರೊವ್, ಕೋಟು ತಗೊಳ್ಳಿ. ಎರಡು ಪ್ರಶ್ನೆ ಕೇಳೋದಿದೆ, ಅಷ್ಟೇ."

ಆ ಮಾತು ಕೇಳಿ ಕುಲ್ಯಾಶ್ ಸುರುಳಿಗಳನ್ನು ಕೆಳಗಿಟ್ಟಳು. ಸೀದಾ ಅಗ್ನಿಯಾಳ ಕಿಟಕಿಗೆ ಹೋಗಿ ಕಾಗದ ಕೇಳಿ, ನಿಂತೇ ಬರೆದಳು: ಗೋಳದ ದೋಷವನ್ನು ಮೊದಲು ದಾಖಲಿಸಿದ್ದು ಸ್ತೊಝಾರೊವ್ ಅವರ ಸೋಮವಾರದ ಸುರುಳಿ; ಅದಿಲ್ಲದಿದ್ದರೆ ತನ್ನದೊಂದರಿಂದ ಏನೂ ಸಾಬೀತಾಗುತ್ತಿರಲಿಲ್ಲ; ಮುಂದಿನ ಅಳತೆಗೆ ಅವರು ಇಲ್ಲಿರಬೇಕು. ಕೆಳಗೆ ಸಹಿ ಹಾಕಿ, ಕೊರಳಿನ ಮುದ್ರೆ ತೆಗೆದು ಒತ್ತಿದಳು. ಕರ್ನಲ್ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು.

ವಿಚಾರಣೆಗೆಂದು ಆ ವಿಮಾನ ಹತ್ತಿದವರು ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಸ್ತೊಝಾರೊವ್ ಹನ್ನೊಂದನೇ ದಿನ ಬಂದರು. ಬಡ್ತಿ ಹೋಗಿತ್ತು, ಪಾಳಿಯ ಮುಖ್ಯಸ್ಥರ ಸ್ಥಾನ ಹೋಗಿತ್ತು, ಬೆಳ್ಳಿ ಹಿಡಿಕೆಯ ಲೋಟವೂ ಇರಲಿಲ್ಲ. ಸಂಜೆ ಊಟದ ಮನೆಯ ಕೊನೆಯ ಮೇಜಿನಲ್ಲಿ ತಲೆ ತಗ್ಗಿಸಿ ಕೂತರು. ಅವರ ಹತ್ತಿರ ಯಾರೂ ಹೋಗಲಿಲ್ಲ. ಕುಲ್ಯಾಶ್ ತಟ್ಟೆ ಎತ್ತಿಕೊಂಡು ಹೋಗಿ ಅವರ ಎದುರು ಕೂತಳು.

ಏಳು ಹೊಡೆಯಿತು. ಎಲ್ಲರ ಅಂಗೈಯೂ ತಟ್ಟೆಯ ಮೇಲೆ ಹೋಯಿತು. ಸ್ತೊಝಾರೊವ್ ಕೈ ಎತ್ತಲಿಲ್ಲ. ಕುಲ್ಯಾಶ್ ಒಂದು ಕೈಯಿಂದ ತನ್ನ ತಟ್ಟೆ ಮುಚ್ಚಿಕೊಂಡು, ಇನ್ನೊಂದನ್ನು ಚಾಚಿ ಅವರ ತಟ್ಟೆಯನ್ನು ಮುಚ್ಚಿದಳು.