ಮುನಿವೆಂಕಟಯ್ಯನವರ ಚೌಕುಳಿ ಟವೆಲ್

ಸ್ನಾನ ಮುಗಿಸಿ ಬಂದ ಮುನಿವೆಂಕಟಯ್ಯನವರು ಎಂದಿನಂತೆ ಗೂಟಕ್ಕೆ ಕೈ ಚಾಚಿದರು. ಗೂಟ ಬರಿದಾಗಿತ್ತು.

"ಸುಬ್ಬೀ! ನನ್ ಟವೆಲ್ ಎಲ್ಲೇ?"

ಯಲಹಂಕದ ಆ ದೊಡ್ಡ ಮನೆಯಲ್ಲಿ ಒಂದು ಸಣ್ಣ ಭೂಕಂಪವೇ ಆಯಿತು. ಮಂಚದ ಕೆಳಗೆ, ವಾಷಿಂಗ್ ಮೆಷಿನ್ನಿನ ಒಳಗೆ, ನಾಯಿಯ ಹಾಸಿಗೆಯಲ್ಲಿ — ಎಲ್ಲೂ ಇಲ್ಲ. ಕೊನೆಗೆ ಹೆಂಡತಿ ಸುಬ್ಬಮ್ಮನವರು ಗಂಗಾನಗರದ ಗೆಳತಿಗೆ ಫೋನ್ ಮಾಡಿದರು.

"ರಾಧಾಮಣಿ, ಬೇಗ ಬಾರಮ್ಮ. ಇವ್ರು ತಿಂಡಿ ಬಿಟ್ಟು ಕೂತವ್ರೆ."

ರಾಧಾಮಣಿ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಕೊಲೆ, ದರೋಡೆ ನೋಡಿದವರು. ಒಂದು ಟವೆಲ್ಲಿಗೆ ಇಷ್ಟು ರಂಪವೇ ಎಂದು ಬೇರೆಯವರಾದರೆ ನಗುತ್ತಿದ್ದರು. ಅವರು ನಗಲಿಲ್ಲ, ಮಂಡಿನೋವನ್ನು ಬೈದುಕೊಂಡು ಆಟೋ ಹತ್ತಿದರು. ಆ ಟವೆಲ್ಲಿನ ಮಹಿಮೆ ಅವರಿಗೆ ಗೊತ್ತಿತ್ತು.

ಮುನಿವೆಂಕಟಯ್ಯ ಹುಡುಗನಾಗಿದ್ದಾಗ ಯಶವಂತಪುರದ ಮಂಡಿಗೆ ಬಂದದ್ದು ಮನೆಯ ತೋಟದ ತರಕಾರಿ ಮಾರಲು. ಅಲ್ಲಿನ ಮುದುಕ ದಲ್ಲಾಳಿಯೊಬ್ಬರು ಹುಡುಗನ ನಾಲಿಗೆ ಗಟ್ಟಿ, ಗುಟ್ಟು ಬಿಡುವುದಿಲ್ಲ ಎಂದು ಮೆಚ್ಚಿ, ತಮ್ಮ ಕೆಂಪು ಚೌಕುಳಿ ಟವೆಲ್ಲನ್ನು ಅವನ ಹೆಗಲಿಗೆ ಹಾಕಿದರು. ಆಗ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲ್ ಅಡಿಯಲ್ಲಿ ಮಾರುವವನು ದಲ್ಲಾಳಿಯ ಬೆರಳು ಒತ್ತಬೇಕು, ಕೊಳ್ಳುವವನೂ ಒತ್ತಬೇಕು. ಎಷ್ಟು ಬೆರಳು ಒತ್ತಿದರೋ ಅಷ್ಟು ಬೆಲೆ. ಇಬ್ಬರ ಲೆಕ್ಕವೂ ದಲ್ಲಾಳಿಗೆ ಮಾತ್ರ ಗೊತ್ತು. ವ್ಯಾಪಾರ ಮುರಿದರೂ ಯಾರ ಮಾನವೂ ಹೋಗದು.

ಅದೇ ಟವೆಲ್ ಅವರನ್ನು ಮಂಡಿಯಿಂದ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ರಾಜ್ಯ ವರ್ತಕರ ಒಕ್ಕೂಟಕ್ಕೆ, ಕೊನೆಗೆ ಪಕ್ಷದ ಒಳಮನೆಗೆ ಕರೆದೊಯ್ದಿತು. ಮುನಿಸಿಕೊಂಡ ನಾಯಕರು ಬಾಯಲ್ಲಿ ಹೇಳಲಾಗದ್ದನ್ನು — ನಮಗೆ ಕಡೇಪಕ್ಷ ಎಷ್ಟು ಸ್ಥಾನ ಬೇಕು ಎಂಬುದನ್ನು — ಆ ಟವೆಲ್ ಅಡಿ ಹೇಳುತ್ತಿದ್ದರು. ಇಂದು ಸಂಜೆ ಹೆಬ್ಬಾಳದಲ್ಲಿ ಎರಡು ಬಣಗಳ ಸಂಧಾನ. ಕೂಡಿದರೆ ಪಕ್ಷ ಉಳಿಯುತ್ತದೆ, ಅವರಿಗೆ ರಾಜಕೀಯ ಸಲಹೆಗಾರರ ಹುದ್ದೆ. ಕೆಟ್ಟರೆ ಒಂದು ಬದುಕಿನ ಹೆಸರು ಮಣ್ಣುಪಾಲು.

"ಬೇರೆ ಟವೆಲ್ ಇಲ್ವಾ ಅಂದ್ರೆ ಕೇಳಲ್ಲ," ಸುಬ್ಬಮ್ಮ ಗೊಣಗಿದರು. "ಬೇರೆ ಬಟ್ಟೆ ಕೆಳ್ಗೆ ಕೈ ಇಡಲ್ವಂತೆ."

"ಇಡಾಕಿಲ್ಲ!" ಮುನಿವೆಂಕಟಯ್ಯ ಗುಡುಗಿದರು. "ಅದು ಗುರು ಕೊಟ್ಟಿದ್ದು. ಇಂಗೆ ಯಾರೋ ಕದ್ರು ಅಂತ ಬೆಡ್‌ಶೀಟ್ ಒದ್ಕೊಂಡು ಓಗ್ಲಾ?"

ಸುಬ್ಬಮ್ಮ ಕಾಫಿ ತಂದರು, ಗಂಡನಿಗೆ ಸಕ್ಕರೆ ಇಲ್ಲದ್ದು. ಎರಡೂ ಒಲೆಯಿಂದ ಆಗತಾನೇ ಇಳಿದದ್ದು. ರಾಧಾಮಣಿ ಸ್ಟೀಲಿನ ಲೋಟ ಮುಟ್ಟಿ, ಉಶ್ಶೆಂದು ಕೈ ಹಿಂದಕ್ಕೆಳೆದು, ಸೆರಗು ಸುತ್ತಿ ಹಿಡಿದರು. ಮುನಿವೆಂಕಟಯ್ಯ ತಮ್ಮ ಲೋಟವನ್ನು ಅಂಗೈಯಲ್ಲಿ ಹಿಡಿದು ಬೈಗುಳ ಮುಂದುವರಿಸಿದರು.

"ಬೆಳಿಗ್ಗೆ ಈ ಕೋಣೆಗೆ ಯಾರ್ ಯಾರು ಬಂದಿದ್ರು?" ರಾಧಾಮಣಿ ಕೇಳಿದರು.

"ಮೂವರು. ಮಗ ಮಹೇಂದ್ರ, ಪಿ.ಎ. ಅಶ್ವತ್ಥ್, ಗುರುಪಾದಪ್ಪ," ಸುಬ್ಬಮ್ಮ ಎಣಿಸಿದರು.

ಮೊದಲು ಮಹೇಂದ್ರ. ಅಪ್ಪನ ತೋಟದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಬಿಲ್ಡರ್. ಅವನ ಕೈಯಲ್ಲಿ ಹೊಸ ರೇಷ್ಮೆ ಶಾಲು.

"ಇದ್ಯಾಕೆ?"

"ಅಪ್ಪಂಗೆ ಗಿಫ್ಟು ಆಂಟಿ. ಆ ಟವೆಲ್ ನೋಡಿ ಟಿ.ವಿ.ಯವ್ರು ನಗ್ತಾರೆ. ಆದ್ರೆ ಕದಿಯೋಷ್ಟು ಧೈರ್ಯ ನಂಗಿಲ್ಲ. ಅಪ್ಪ ಗೊತ್ತಲ್ಲ!"

"ಅದರ ಅಡಿ ನೀನು ಕೈ ಇಟ್ಟಿದ್ದೀಯಾ?"

"ನಾನಾ? ಯಾವತ್ತೂ ಇಲ್ಲ. ಎಲ್ಲಾ ವಾಟ್ಸಾಪಲ್ಲೇ." ಅವನು ದನಿ ತಗ್ಗಿಸಿದ. "ಗುರುಪಾದಪ್ಪ ಅಂಕಲ್‌ನ ಕೇಳಿ. ಹೋದ ವಾರ ಈರುಳ್ಳಿ ಲೋಡ್‌ನ ನಮಗೆ ತೀರಾ ಅಗ್ಗಕ್ಕೆ ಕೊಟ್ರು. ಏನೋ ಪೋಸ್ಟಿಂಗ್ ಬೇಕಿರ್ಬೇಕು."

ಅಶ್ವತ್ಥ್ ಬೆವರುತ್ತಾ ಬಂದ. ಎರಡೂ ಬಣದವರು ಅವನಿಗೆ ಫೋನ್ ಮಾಡಿದ್ದು ನಿಜ — ಒಪ್ಪಿಕೊಂಡ.

"ಟವೆಲ್ ಕೇಳಿದ್ರಾ?"

"ಇಲ್ಲ ಮೇಡಂ! ಟವೆಲ್ ಇರ್ಲಿ ಅಂತಾನೇ ಇಬ್ರೂ ಹೇಳಿದ್ದು. ಸಾಹೇಬ್ರ ಬೆರಳು ಬಿಟ್ಟು ಯಾರನ್ನೂ ನಂಬಲ್ವಂತೆ."

ಕೊನೆಗೆ ಗುರುಪಾದಪ್ಪ. ಹುಬ್ಬಳ್ಳಿ ಕಡೆಯ ಈರುಳ್ಳಿ ವ್ಯಾಪಾರಿ, ಈಗ ಚಿಕ್ಕಬಾಣಾವರದ ವಾಸಿ. ಮಂಡಿಯಲ್ಲಿ ಹಗೇವಿನಂಥ ಇಕ್ಕಟ್ಟು ಕತ್ತಲೆಯ ಒಂದೇ ಮಳಿಗೆ ಹಂಚಿಕೊಂಡಿದ್ದ ದಿನಗಳಿಂದ ಮುನಿವೆಂಕಟಯ್ಯನವರ ಗೆಳೆಯ. ಎಲ್ಲರ ವ್ಯಾಪಾರ ಕಂಪ್ಯೂಟರಿಗೆ ಹೋದರೂ ಇವರಿಬ್ಬರು ಮಾತ್ರ ವಾರಕ್ಕೊಂದು ಲೋಡಿನ ಬೆಲೆಯನ್ನು ಟವೆಲ್ ಅಡಿಯೇ ಕುದುರಿಸುತ್ತಿದ್ದರು. ಅದೊಂದು ಚಟ.

"ಮುಂಜಾನೆ ಬಂದಿದ್ದೆರೀ. ಅಂವ ಜಳಕಕ್ಕ ಹೋಗಿದ್ದ."

"ಟವೆಲ್ ಇತ್ತಾ?"

"ಗೂಟದಾಗ ಇತ್ತರೀ."

"ನೀವು ಕೋಣೆಯಿಂದ ಹೊರಗೆ ಬರುವಾಗ?"

ಗುರುಪಾದಪ್ಪ ಛಾವಣಿಯ ಫ್ಯಾನ್ ನೋಡಿದರು. "ಹೊಳ್ಳಿ ನೋಡ್ಲಿಲ್ರೀ."

"ಹೋದ ವಾರದ ಲೋಡ್ ಅಗ್ಗಕ್ಕೆ ಯಾಕೆ ಕೊಟ್ಟಿರಿ?"

"ಅಂವ ಹೇಳಿದ ರೇಟು. ನಾ ಹೂಂ ಅಂದೆ."

"ನೀವು ಒತ್ತಿದ್ದು ಅದೇ ರೇಟಾ?"

ಗುರುಪಾದಪ್ಪ ತಲೆಯ ರುಮಾಲು ಸರಿಮಾಡಿಕೊಂಡರು. ರಾಧಾಮಣಿ ಎದ್ದರು. ಕಳ್ಳ ಸಿಕ್ಕಾಗ ಇಂಥ ಸಂಕಟ ಅವರಿಗೆ ಹಿಂದೆಂದೂ ಆಗಿರಲಿಲ್ಲ. ಮಹೇಂದ್ರನನ್ನೂ ಅಶ್ವತ್ಥ್‌ನನ್ನೂ ಹೊರಗೆ ಕಳಿಸಿ, ಸುಬ್ಬಮ್ಮನನ್ನು ಒಳಗೆ ಕರೆದು, ಬಾಗಿಲು ಹಾಕಿದರು.

"ಯಜಮಾನ್ರೇ, ನಿಮ್ಮ ಬಲಗೈ ತೋರಿಸಿ."

ಅಂಗೈಯಲ್ಲೂ ಬೆರಳ ತುದಿಗಳಲ್ಲೂ ಕೆಂಪು ಬರೆ. ಒಂದೆರಡು ಕಡೆ ಹಳೆಯ ಬೊಕ್ಕೆ ಒಡೆದು ಒಣಗಿತ್ತು. ಸುಬ್ಬಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ನಾನು ಮುಟ್ಟೋಕೂ ಆಗದ ಲೋಟನ ನೀವು ಕಾಫಿ ಮುಗಿಯೋವರೆಗೂ ಹಿಡ್ಕೊಂಡಿದ್ರಿ. ಎದುರಿಗೇ ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸಕ್ಕರೆ ಕಾಯಿಲೆ ನಿಮ್ಮ ಬೆರಳಿನ ಸ್ಪರ್ಶ ತಿಂದುಹಾಕಿದೆ. ಇದು ಗೊತ್ತಾಗಬೇಕಾದ್ರೆ ಟವೆಲ್ ಅಡಿ ನಿಮ್ಮ ಕೈ ಹಿಡಿದವರಿಗೇ ಗೊತ್ತಾಗಬೇಕು. ಮಗ ಯಾವತ್ತೂ ಹಿಡಿದಿಲ್ಲ. ಬಣದವರಿಗೆ, ಅವ್ರ ಫೋನ್ ಎತ್ತೋ ಅಶ್ವತ್ಥ್‌ಗೆ ಗೊತ್ತಿದ್ದಿದ್ರೆ ಅವ್ರು ನಿಮ್ಮನ್ನ ನಂಬ್ತಾನೇ ಇರ್ಲಿಲ್ಲ. ಸಂಧಾನ ಕೆಡಿಸೋಕೆ ಕದ್ದಿದ್ದಾರೆ ಅಂತ ನಾವೆಲ್ಲ ಹುಡುಕಿದ್ವಿ. ನಿಮ್ಮ ಹೆಸರು ಕೆಡದಿರ್ಲಿ ಅಂತಲೂ ಕದಿಯಬಹುದು. ಅಲ್ವಾ ಗುರುಪಾದಪ್ಪನೋರೇ?"

ಗುರುಪಾದಪ್ಪ ಮೆಲ್ಲಗೆ ತಲೆಯ ರುಮಾಲು ಬಿಚ್ಚಿದರು. ಸುತ್ತಿನ ಒಳಗೆ ಕೆಂಪು ಚೌಕುಳಿ.

"ಥೂ ಕಳ್ಳ!" ಮುನಿವೆಂಕಟಯ್ಯ ಎದ್ದು ನಿಂತರು. "ನನ್ ಬೆರಳ್ಗೇನಾಗೈತೋ?"

"ಹೋದ ವಾರ ನಾ ನಾಕು ಬೆರಳು ಒತ್ತಿದ್ದೆ. ನೀ ಎರಡು ಅಂದಿ. ತಮಾಷಿ ಅನ್ಕೊಂಡೆ. ನಿನ್ನ ಮಾರಿ ನೋಡಿದೆ — ತಮಾಷಿ ಇರ್ಲಿಲ್ಲೋ ಮಾರಾಯ."

"ಸುಳ್ಳು!"

"ಹಂಗಾರ ಹಿಡಿ."

ಗುರುಪಾದಪ್ಪ ಎದುರು ಕೂತು ಇಬ್ಬರ ಕೈಗಳ ಮೇಲೆ ಟವೆಲ್ ಹರಡಿದರು. ಮುನಿವೆಂಕಟಯ್ಯ ಕಣ್ಣು ಮುಚ್ಚಿದರು, ಹುಬ್ಬು ಗಂಟಿಕ್ಕಿದರು, ಮಂಡಿಯ ಹಳೆಯ ಗತ್ತಿನಲ್ಲಿ ತಲೆಯಾಡಿಸಿದರು.

"ಮೂರು."

ಗುರುಪಾದಪ್ಪ ಟವೆಲ್ ಎತ್ತಿದರು. ಅದರ ಅಡಿಯಲ್ಲಿ ಮುನಿವೆಂಕಟಯ್ಯನವರ ಕೈ ಒಂದೇ ಇತ್ತು.

ಆ ಕೈಯನ್ನು ಅವರು ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತರು. ಸುಬ್ಬಮ್ಮ ಅಳುತ್ತಿದ್ದರು.

"ಮುಂಚೇನೇ ಯಾಕೋ ಏಳ್ಲಿಲ್ಲ?"

"ಬಾಯಿ ಬರ್ಲಿಲ್ಲೋ," ಗುರುಪಾದಪ್ಪ ಟವೆಲ್ಲಿನ ಅಂಚು ನೇವರಿಸಿದರು. "ಕಳ್ಳ ಅನಿಸ್ಕೊಳ್ಳೂದು ಅದಕ್ಕಿಂತ ಸಸ್ತಾ ಅನಿಸ್ತು."

ಮುನಿವೆಂಕಟಯ್ಯ ಫೋನ್ ತರಿಸಿ ಪಕ್ಷದ ಅಧ್ಯಕ್ಷರಿಗೆ ಮಾಡಿದರು. ಬಾಗಿಲು ತೆರೆಸಿದರು, ಮಗನಿಗೂ ಕೇಳಲಿ ಎಂದು.

"ಸಾರ್, ನನ್ ಬೆರಳಲ್ಲಿ ಸ್ಪರ್ಶ ಓಗೈತೆ. ಟವೆಲ್ ವ್ಯಾಪಾರ ಇವತ್ಗೆ ಬಂದ್. ಸಂಜೆ ಬರ್ತೀನಿ, ಆದ್ರೆ ಇಬ್ರೂ ಎದುರೆದುರು ಕೂತು ಬಾಯಿ ಬಿಟ್ಟು ಏಳ್ಬೇಕು. ಆಗಲ್ಲಾಂದ್ರೆ ನಿಮ್ ಉದ್ದೆ ಬೇರೆಯೋರ್ಗೆ ಕೊಡಿ. ತಪ್ಪು ಲೆಕ್ಕ ಮಾತ್ರ ನನ್ ಕೈಯಿಂದ ಬರಾಕಿಲ್ಲ."

ಆ ಕಡೆಯಿಂದ ಅಧ್ಯಕ್ಷರು, "ಬನ್ನಿ ಯಜಮಾನ್ರೇ, ಕೂರಿಸ್ತೀನಿ," ಎಂದದ್ದು ರಾಧಾಮಣಿಗೂ ಕೇಳಿಸಿತು.

ಮಹೇಂದ್ರ ತಾನೇ ಕಾರು ತೆಗೆದ, ಮೊದಲು ಆಸ್ಪತ್ರೆ ಎಂದ. ರೇಷ್ಮೆ ಶಾಲಿನ ಮಾತೆತ್ತಲಿಲ್ಲ. ಗುರುಪಾದಪ್ಪ ಟವೆಲ್ ಮಡಿಸಿ ಗೆಳೆಯನ ಹೆಗಲಿಗೆ ಹಾಕಿ ಹಿಂದೆ ಸರಿದರು.

"ನೀನೆಲ್ಲೋ ಓಗ್ತೀಯ ಕಳ್ಳ? ಹತ್ತು ಕಾರು."

ಹಿಂದಿನ ಸೀಟಿನಲ್ಲಿ ಗುರುಪಾದಪ್ಪ ಅವರ ಕೈ ಹಿಡಿದುಕೊಂಡರು. ಮುನಿವೆಂಕಟಯ್ಯನವರಿಗೆ ತಿಳಿಯಲಿಲ್ಲ. ಕಾರು ಗೇಟು ದಾಟುವಾಗ ಬಗ್ಗಿ ನೋಡಿದರು. ನೋಡಿ, ತಾವೂ ಬಿಗಿಯಾಗಿ ಹಿಡಿದರು.